ನಾಲ್ಕು ಚೀಟಿಯ ಮತದಾರ

ದೇಶದ ಮೊದಲ ಮಹಾಚುನಾವಣೆ 1952ರಲ್ಲಿ ಮುಗಿಯಿತು. ಆ ಚುನಾವಣೆಯಲ್ಲಿ ಕೋಲಾರ ಚಿನ್ನದ ಗಣಿಯ ಕಾರ್ಮಿಕನೊಬ್ಬ ಮತಗಟ್ಟೆಗೆ ಹೋದನೆಂದರೆ ಅವನ ಪಾಲಿಗೆ ಇದ್ದದ್ದು ಒಂದು ಮತವಲ್ಲ, ಎರಡೂ ಅಲ್ಲ, ನಾಲ್ಕು. ವಿಧಾನಸಭೆಗೆ ಎರಡು, ಲೋಕಸಭೆಗೆ ಎರಡು. ಇಂದಿನ ಪೌರನೀತಿ ಪುಸ್ತಕದಲ್ಲಿ 'ಒಬ್ಬನಿಗೆ ಒಂದು ಮತ' ಎಂದು ಓದುವ ವಿದ್ಯಾರ್ಥಿಗೆ ಇದು ಅಚ್ಚಿನ ತಪ್ಪೆಂದು ತೋರಬಹುದು. ತಪ್ಪಲ್ಲ. ಆಗ ಕೋಲಾರ ಚಿನ್ನದ ಗಣಿ ವಿಧಾನಸಭಾ ಕ್ಷೇತ್ರವೂ ಕೋಲಾರ ಲೋಕಸಭಾ ಕ್ಷೇತ್ರವೂ 'ದ್ವಿಸದಸ್ಯ ಕ್ಷೇತ್ರ'ಗಳಾಗಿದ್ದವು. ಎಂದರೆ ಒಂದೇ ಕ್ಷೇತ್ರದಿಂದ ಇಬ್ಬರು ಗೆದ್ದು ಬರುತ್ತಿದ್ದರು.

ಇದು ಕೆ.ಜಿ.ಎಫ್.ಗಷ್ಟೇ ಸಂದ ವಿಶೇಷವೇನೂ ಅಲ್ಲ. ಅಂದಿನ ಮೈಸೂರು ವಿಧಾನಸಭೆಯ 99 ಸ್ಥಾನಗಳಿಗೆ ಇದ್ದ ಕ್ಷೇತ್ರಗಳು 80. ಅವುಗಳಲ್ಲಿ 61 ಏಕಸದಸ್ಯ, 19 ದ್ವಿಸದಸ್ಯ. ಲೋಕಸಭೆಯ 489 ಸ್ಥಾನಗಳಿಗೆ 401 ಕ್ಷೇತ್ರಗಳಿದ್ದು, 86 ಕಡೆ ಇಬ್ಬರು ಸದಸ್ಯರು, ಬಂಗಾಳದ ಉತ್ತರ ಭಾಗದ ಒಂದು ಕ್ಷೇತ್ರದಲ್ಲಿ ಮೂವರು. ಕೂಡಿ ನೋಡಿದರೆ ಲೆಕ್ಕ ಸರಿಯಾಗಿಯೇ ಬರುತ್ತದೆ.

ಇಂಥ ಏರ್ಪಾಟು ಏಕೆ ಬೇಕಾಯಿತು? ಮೂಲ ಹುಡುಕಿದರೆ 1932ರ ಪೂನಾ ಒಪ್ಪಂದಕ್ಕೆ ಹೋಗಬೇಕು. ಪರಿಶಿಷ್ಟ ಜಾತಿಯವರಿಗೆ ಪ್ರತ್ಯೇಕ ಮತದಾರ ಪಟ್ಟಿ ಬೇಡ, ಆದರೆ ಸ್ಥಾನಗಳನ್ನು ಮೀಸಲಿಡಬೇಕು ಎಂಬುದು ಅಲ್ಲಿ ಆದ ತೀರ್ಮಾನ. ಮೀಸಲು ಸ್ಥಾನಕ್ಕೂ ಎಲ್ಲರೂ ಮತ ಹಾಕಬೇಕು, ಜೊತೆಗೆ ಉಳಿದವರು ಸ್ಪರ್ಧಿಸುವ ಅವಕಾಶವೂ ಹೋಗಬಾರದು. ಎರಡೂ ಆಗಬೇಕಾದರೆ ಒಂದು ದೊಡ್ಡ ಕ್ಷೇತ್ರದಲ್ಲಿ ಎರಡು ಸ್ಥಾನ ಇಟ್ಟು ಒಂದನ್ನು ಮೀಸಲಿಡುವುದು ಸುಲಭದ ದಾರಿ. ಸ್ವತಂತ್ರ ಭಾರತವೂ ಆ ದಾರಿಯಲ್ಲೇ ಮೊದಲ ಹೆಜ್ಜೆ ಇಟ್ಟಿತು.

ಮತದಾನದ ಕ್ರಮ ಇಂದಿನಂತಿರಲಿಲ್ಲ. ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ಚೀಟಿಯ ಮೇಲೆ ಏನನ್ನೂ ಗುರುತು ಮಾಡಬೇಕಾಗಿರಲಿಲ್ಲ. ಮನಸ್ಸಿಗೆ ಬಂದವನ ಪೆಟ್ಟಿಗೆಯಲ್ಲಿ ಹಾಕಿದರಾಯಿತು. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಕಮ್ಯುನಿಸ್ಟ್ ಪಕ್ಷಕ್ಕೆ ತೆನೆ ಮತ್ತು ಕುಡುಗೋಲು, ಅಂಬೇಡ್ಕರರ ಪರಿಶಿಷ್ಟ ಜಾತಿಗಳ ಒಕ್ಕೂಟಕ್ಕೆ ಆನೆ. ದ್ವಿಸದಸ್ಯ ಕ್ಷೇತ್ರದಲ್ಲಿ ಪಾಲಿಸಬೇಕಾದ ಒಂದೇ ನಿಯಮ, ಎರಡು ಚೀಟಿಗಳನ್ನೂ ಒಬ್ಬನಿಗೇ ಹಾಕಬಾರದು. ಹಾಕಿದರೆ ಒಂದು ಲೆಕ್ಕಕ್ಕಿಲ್ಲ.

ಎಣಿಕೆಯ ಲೆಕ್ಕ ಇನ್ನೂ ಸ್ವಾರಸ್ಯದ್ದು. ವಿದ್ಯಾರ್ಥಿಗಳು ಹಾಳೆ ತೆಗೆದುಕೊಂಡು ಮಾಡಿ ನೋಡಬಹುದು. ಕಲ್ಪನೆಗೆ 10,000 ಮತದಾರರ ಒಂದು ಕ್ಷೇತ್ರವಿರಲಿ. ಕ, ಖ ಎಂಬಿಬ್ಬರು ಸಾಮಾನ್ಯ ಅಭ್ಯರ್ಥಿಗಳು. ಗ, ಘ ಎಂಬಿಬ್ಬರು ಪರಿಶಿಷ್ಟ ಜಾತಿಯವರು. ಕ-ಗೆ 6,000, ಖ-ಗೆ 5,500, ಗ-ಗೆ 4,000, ಘ-ಗೆ 3,000 ಮತ ಬಂತೆನ್ನಿ. ಮೊದಲು ಮೀಸಲು ಸ್ಥಾನವನ್ನು ತುಂಬಬೇಕು. ಪರಿಶಿಷ್ಟ ಜಾತಿಯವರಲ್ಲಿ ಹೆಚ್ಚು ಪಡೆದವನು ಗ, ಅವನು ಗೆದ್ದ. ಆಮೇಲೆ ಉಳಿದವರೆಲ್ಲರಲ್ಲಿ ಮೇಲಿರುವವನು ಕ, ಅವನೂ ಗೆದ್ದ. ಗ-ನಿಗಿಂತ 1,500 ಹೆಚ್ಚು ಪಡೆದೂ ಖ ಸೋತ. ಈಗ ಅಂಕಿಗಳನ್ನು ಬದಲಿಸಿ. ಗ-ಗೆ 6,000, ಘ-ಗೆ 5,800, ಕ-ಗೆ 5,500, ಖ-ಗೆ 2,000. ಮೀಸಲು ಸ್ಥಾನ ಗ-ನಿಗೆ ಹೋಯಿತು. ಉಳಿದವರಲ್ಲಿ ಹೆಚ್ಚು ಪಡೆದವನು ಘ. ಆದ್ದರಿಂದ ಸಾಮಾನ್ಯ ಸ್ಥಾನವೂ ಪರಿಶಿಷ್ಟ ಜಾತಿಯವನಿಗೇ! ಸಾಮಾನ್ಯ ಸ್ಥಾನವೆಂದರೆ ಎಲ್ಲರ ಸ್ಥಾನ, ಮೇಲುಜಾತಿಗೆ ಮೀಸಲಾದ ಸ್ಥಾನವಲ್ಲ ಎಂಬುದು ಈ ಎರಡನೆಯ ಲೆಕ್ಕದಲ್ಲಿ ಅಡಗಿದೆ. ಈ ಅಂಶ ಮುಂದೆ ಬೇಕಾಗುತ್ತದೆ.

ಈಗ ಗಣಿಯ ಊರಿಗೆ ಬರೋಣ. ಜಾನ್ ಟೇಲರ್ ಕಂಪನಿ 1880ರಲ್ಲಿ ಕಾಲಿಟ್ಟ ಮೇಲೆ ಬೆಳೆದ ಊರಿದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲು ಇಲ್ಲಿಗೆ ಬಂದ ಕಥೆ ಎಲ್ಲರಿಗೂ ಗೊತ್ತು. ಗಣಿಯೊಳಗೆ ಇಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟಿನಂಥ ಕಡೆಗಳಿಂದ ಬಂದ ತಮಿಳು ಮಾತಿನ ಪರಿಶಿಷ್ಟ ಜಾತಿಯವರು. ಮೈಸೂರಿನ ಪ್ರಜಾಪ್ರತಿನಿಧಿ ಸಭೆ 1881ರಷ್ಟು ಹಳೆಯದಾದರೂ ಆಸ್ತಿ, ಕಂದಾಯ, ಓದು ಇದ್ದವರಿಗೇ ಅಲ್ಲಿ ಮತ. ಕಂಪನಿಯ ಲೈನುಮನೆಯ ಕಾರ್ಮಿಕನಿಗೆ ಅದು ದೂರದ ಮಾತು. 1930ರಲ್ಲಿ ಕಂಪನಿ ಹೆಬ್ಬೆಟ್ಟಿನ ಗುರುತು ಕೊಡಿ ಎಂದಾಗ, ಅದು ಕಳ್ಳರ ದಾಖಲೆಯಂತೆ ಅವಮಾನವೆಂದು ಬಗೆದು ಕಾರ್ಮಿಕರು ಸುಮಾರು ಮೂರು ವಾರ ಕೆಲಸ ನಿಲ್ಲಿಸಿದ್ದರು. ಬೆರಳಿಗೆ ಮಸಿ ಬೇಡವೆಂದ ಅದೇ ಊರಿನವರು 1952ರಲ್ಲಿ ತಾವಾಗಿಯೇ ಬೆರಳು ಚಾಚಿ ಮಸಿ ಹಚ್ಚಿಸಿಕೊಂಡರು. ಮಸಿ ಎರಡೂ ಕಡೆ ಕಪ್ಪೇ. ಯಾರು ಯಾತಕ್ಕೆ ಹಚ್ಚುತ್ತಾರೆ ಎಂಬುದರಲ್ಲಿ ವ್ಯತ್ಯಾಸ.

ಫಲಿತಾಂಶ ಬಂದಾಗ ಗೆದ್ದವರು ಇಬ್ಬರು: ಕಮ್ಯುನಿಸ್ಟ್ ಪಕ್ಷದ ಕೆ.ಎಸ್. ವಾಸನ್, ಪರಿಶಿಷ್ಟ ಜಾತಿಗಳ ಒಕ್ಕೂಟದ ಪಿ.ಎಂ. ಸ್ವಾಮಿದೊರೈ. ಕಾಂಗ್ರೆಸ್ 99ರಲ್ಲಿ 74 ಸ್ಥಾನ ಗೆದ್ದ ಚುನಾವಣೆಯದು. ಇಡೀ ರಾಜ್ಯದಲ್ಲಿ ಕಮ್ಯುನಿಸ್ಟರಿಗೆ ಸಿಕ್ಕಿದ್ದು ಒಂದೇ ಸ್ಥಾನ, ಅದು ಇಲ್ಲಿಯದು. ಒಕ್ಕೂಟಕ್ಕೆ ಸಿಕ್ಕಿದ್ದು ಎರಡು, ಅದರಲ್ಲಿ ಒಂದು ಇಲ್ಲಿಯದು. 1957ರಲ್ಲಿ ಹೆಸರುಗಳು ಬದಲಾದವು, ಬಣ್ಣ ಬದಲಾಗಲಿಲ್ಲ. ಕಮ್ಯುನಿಸ್ಟ್ ಪಕ್ಷದಿಂದ ಎಂ.ಸಿ. ನರಸಿಂಹನ್, ಒಕ್ಕೂಟದಿಂದ ಸಿ.ಎಂ. ಆರ್ಮುಗಂ. ಆಗ ವಿಶಾಲ ಮೈಸೂರಿನ ಸಭೆ 208 ಸ್ಥಾನಗಳದ್ದು. ಕಮ್ಯುನಿಸ್ಟರಿಗೆ ಮತ್ತೆ ಒಂದೇ, ಅದೂ ಮತ್ತೆ ಇಲ್ಲಿಂದಲೇ.

ಇದರ ಅರ್ಥವೇನು? ಗಣಿಯ ಕಾರ್ಮಿಕ ಕೂಲಿಯವನೂ ಹೌದು, ಅಸ್ಪೃಶ್ಯತೆಯ ನೋವುಂಡವನೂ ಹೌದು. ಒಂದೇ ಮತವಿದ್ದರೆ 'ನೀನು ಮೊದಲು ಕಾರ್ಮಿಕನೋ, ಮೊದಲು ದಲಿತನೋ' ಎಂಬ ಪ್ರಶ್ನೆಗೆ ಅವನು ಉತ್ತರ ಹೇಳಲೇಬೇಕಾಗುತ್ತಿತ್ತು. ಎರಡು ಮತಗಳಿದ್ದುದರಿಂದ ಆ ಪ್ರಶ್ನೆಯೇ ಏಳಲಿಲ್ಲ. ಒಂದು ಚೀಟಿ ತೆನೆ-ಕುಡುಗೋಲಿಗೆ, ಇನ್ನೊಂದು ಆನೆಗೆ ಹಾಕಲು ಅವನಿಗೆ ಅವಕಾಶವಿತ್ತು. ಒಂದೇ ಊರಿನ ಎರಡು ದನಿಗಳೂ ವಿಧಾನಸಭೆಯವರೆಗೆ ಹೋದವು.

ಇದೇ ಎರಡು ಪಕ್ಷಗಳಿಗೆ ಮುಂಬಯಿಯಲ್ಲಿ ಆದದ್ದೇ ಬೇರೆ. 1952ರಲ್ಲಿ ಡಾ. ಅಂಬೇಡ್ಕರ್ ಅವರು ಉತ್ತರ ಮುಂಬಯಿಯ ದ್ವಿಸದಸ್ಯ ಲೋಕಸಭಾ ಕ್ಷೇತ್ರದ ಮೀಸಲು ಸ್ಥಾನಕ್ಕೆ ನಿಂತು ಕಾಂಗ್ರೆಸ್ಸಿನ ಕಾಜ್ರೋಳ್ಕರ್ ಎದುರು 14 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಅಲ್ಲಿ ತಿರಸ್ಕೃತವಾದ ಚೀಟಿಗಳು 74 ಸಾವಿರಕ್ಕೂ ಮೇಲೆ. ಎರಡೂ ಚೀಟಿಗಳನ್ನು ಒಬ್ಬನಿಗೇ ಹಾಕಿ ಒಂದನ್ನು ಹಾಳುಮಾಡಿ ಎಂದು ಕಮ್ಯುನಿಸ್ಟರು ಮತದಾರರಿಗೆ ಹೇಳಿಕೊಟ್ಟರೆಂಬುದು ಅಂಬೇಡ್ಕರರ ದೂರು. ಅವರ ಚುನಾವಣಾ ತಕರಾರು ಅರ್ಜಿ ಫಲಿಸಲಿಲ್ಲ. ಸಂವಿಧಾನದ ಶಿಲ್ಪಿಯೇ ಸೋತ ಪದ್ಧತಿಯಲ್ಲಿ ಅವರ ಪಕ್ಷದ ಸ್ವಾಮಿದೊರೈ ಗೆದ್ದು ಬಂದದ್ದು ಗಣಿಯ ಊರಿನ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ಇನ್ನೊಂದು ಹೋಲಿಕೆ ಮನೆಯ ಬಾಗಿಲಲ್ಲೇ ಇದೆ. ಕೋಲಾರ ಲೋಕಸಭಾ ಕ್ಷೇತ್ರದಿಂದ 1952ರಲ್ಲಿ ಗೆದ್ದ ಎಂ.ವಿ. ಕೃಷ್ಣಪ್ಪ, ದೊಡ್ಡತಿಮ್ಮಯ್ಯ ಇಬ್ಬರೂ ಕಾಂಗ್ರೆಸ್ಸಿನವರು. 1957ರಲ್ಲಿ ದೊಡ್ಡತಿಮ್ಮಯ್ಯನವರ ಜೊತೆಗೆ ಗೆದ್ದವರು ಮೈಸೂರಿನ ಮೊದಲ ಮುಖ್ಯಮಂತ್ರಿ, ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ. ಮತಪದ್ಧತಿ ಒಂದೇ, ಗಣಿಯ ಮತದಾರರೂ ಅವರೇ, ಆದರೂ ಫಲ ಬೇರೆ. ಒಂದು ಚಮಚ ಉಪ್ಪನ್ನು ಲೋಟದ ನೀರಿಗೆ ಹಾಕಿದರೆ ಬಾಯಿಗೆ ತಿಳಿಯುತ್ತದೆ, ಕೊಡಕ್ಕೆ ಹಾಕಿದರೆ ತಿಳಿಯುವುದಿಲ್ಲ. ಕ್ಷೇತ್ರದ ಗೆರೆಯನ್ನು ಎಲ್ಲಿ ಎಳೆಯುತ್ತಾರೆ ಎಂಬುದಕ್ಕೂ ಎಷ್ಟು ಮತ ಎಂಬುದಕ್ಕಿರುವಷ್ಟೇ ತೂಕವಿದೆ.

ಪದ್ಧತಿಯ ಕೊನೆ ಬಂದದ್ದು ಆಂಧ್ರದ ಪಾರ್ವತೀಪುರದಿಂದ. 1957ರಲ್ಲಿ ಅಲ್ಲಿನ ದ್ವಿಸದಸ್ಯ ಲೋಕಸಭಾ ಕ್ಷೇತ್ರದಲ್ಲಿ ವಿ.ವಿ. ಗಿರಿ ನಿಂತಿದ್ದರು. ಅಲ್ಲಿ ನಮ್ಮ ಎರಡನೆಯ ಲೆಕ್ಕದಂತೆಯೇ ಆಯಿತು. ಮೀಸಲು ಸ್ಥಾನವನ್ನೂ ಸಾಮಾನ್ಯ ಸ್ಥಾನವನ್ನೂ ಬುಡಕಟ್ಟಿನ ಅಭ್ಯರ್ಥಿಗಳೇ ಗೆದ್ದರು, ಗಿರಿ ಸೋತರು. ಅವರು ಸುಪ್ರೀಂ ಕೋರ್ಟಿನವರೆಗೆ ಹೋದರೂ 1959ರಲ್ಲಿ ನ್ಯಾಯಾಲಯ ಆ ಫಲಿತಾಂಶವನ್ನೇ ಎತ್ತಿಹಿಡಿಯಿತು. ಇದೇ ಗಿರಿ 1965ರಲ್ಲಿ ಮೈಸೂರಿನ ರಾಜ್ಯಪಾಲರಾಗಿ, 1969ರಲ್ಲಿ ರಾಷ್ಟ್ರಪತಿಗಳಾದರು. ಆ ಮಾತು ಬೇರೆ. ಕಾನೂನು ಸರಿ ಎಂದದ್ದನ್ನು ರಾಜಕೀಯ ಒಪ್ಪಲಿಲ್ಲ. ಕ್ಷೇತ್ರಗಳು ತೀರ ದೊಡ್ಡವು, ಓಡಾಟದ ಖರ್ಚು ಹೆಚ್ಚು, ಮೀಸಲು ಸದಸ್ಯ ಸಾಮಾನ್ಯ ಸದಸ್ಯನ ನೆರಳಿನಲ್ಲಿ ಉಳಿಯುತ್ತಾನೆ ಎಂಬ ದೂರುಗಳೂ ಇದ್ದವು. ಅವು ಸುಳ್ಳೂ ಅಲ್ಲ. 1961ರಲ್ಲಿ ಸಂಸತ್ತು ದ್ವಿಸದಸ್ಯ ಕ್ಷೇತ್ರಗಳ ರದ್ದು ಕಾಯಿದೆ ತಂದಿತು. ಪ್ರತಿ ದ್ವಿಸದಸ್ಯ ಕ್ಷೇತ್ರವನ್ನೂ ಎರಡು ಹೋಳು ಮಾಡಿ 1962ರ ಚುನಾವಣೆ ನಡೆಯಿತು. ಇತರೆಡೆ ಹೇಗೋ, ಕೆ.ಜಿ.ಎಫ್.ನಲ್ಲಿ ಮಾತ್ರ ಒಬ್ಬರು ಇನ್ನೊಬ್ಬರ ನೆರಳಾಗಿದ್ದರೆನ್ನಲು ಆಗದು. ಇಬ್ಬರೂ ಬೇರೆ ಬೇರೆ ಪಕ್ಷದವರು, ಇಬ್ಬರೂ ವಿರೋಧ ಪಕ್ಷದವರು.

ಆ ಹೊತ್ತಿಗೇ ಇನ್ನೊಂದು ಬದಲಾವಣೆಯೂ ಆಯಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ತನ್ನದಾಗಿಸಿಕೊಂಡಿತ್ತು. ಹಾಗಾಗಿ 1957ರಲ್ಲಿ ಗೆದ್ದವರು ಗಣಿಯ ಯಜಮಾನನನ್ನೇ ಸದನದಲ್ಲಿ ಎದುರಿಗೆ ಕೂರಿಸಿ ಕೇಳಬಹುದಿತ್ತು. 1962ರಲ್ಲಿ ಗಣಿ ಕೇಂದ್ರದ ಕೈಗೆ ಹೋಯಿತು. ಯಜಮಾನ ದೆಹಲಿಯವನಾದ. ದೆಹಲಿಯ ಕ್ಷೇತ್ರವೋ ಮೇಲೆ ಹೇಳಿದ ಕೊಡದ ನೀರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

2008ರ ಕ್ಷೇತ್ರ ವಿಂಗಡಣೆಯ ಪ್ರಕಾರ ಕೆ.ಜಿ.ಎಫ್., ಬಂಗಾರಪೇಟೆ, ಮುಳಬಾಗಿಲು ಮೂರೂ ಪರಿಶಿಷ್ಟ ಜಾತಿಗೆ ಮೀಸಲಾದ ಏಕಸದಸ್ಯ ಕ್ಷೇತ್ರಗಳು. ಅಲ್ಲಿ ಎಲ್ಲರೂ ಮತ ಹಾಕುತ್ತಾರೆ, ಒಂದೊಂದೇ. ಎರಡು ಸ್ಥಾನದ ಕ್ಷೇತ್ರ ನಮ್ಮ ರಾಜ್ಯದಲ್ಲಿ ಪೂರ್ತಿ ಅಳಿದಿಲ್ಲ ಎಂಬುದು ಹೆಚ್ಚು ಜನಕ್ಕೆ ತಿಳಿದಂತಿಲ್ಲ. ವಿಧಾನ ಪರಿಷತ್ತಿಗೆ ಸ್ಥಳೀಯ ಸಂಸ್ಥೆಗಳಿಂದ ಆಯ್ಕೆಯಾಗುವ 25 ಸ್ಥಾನಗಳಿಗೆ 20 ಕ್ಷೇತ್ರಗಳಿವೆ. ಬೆಳಗಾವಿ, ಮೈಸೂರು, ದಕ್ಷಿಣ ಕನ್ನಡದಂಥ ಐದು ಕಡೆ ಇಬ್ಬಿಬ್ಬರು. ಅಲ್ಲಿ ಮತ ಹಾಕುವವರು ಪಂಚಾಯತಿ, ಪುರಸಭೆಗಳ ಸದಸ್ಯರು. ಪೆಟ್ಟಿಗೆ-ಚಿಹ್ನೆಗಳ ಬದಲು ಅಭ್ಯರ್ಥಿಗಳ ಹೆಸರಿನ ಮುಂದೆ 1, 2 ಎಂದು ಪ್ರಾಶಸ್ತ್ಯ ಬರೆಯುತ್ತಾರೆ. ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳೆರಡಕ್ಕೂ ಸೇರಿ ಅಲ್ಲಿರುವುದು ಒಂದೇ ಸ್ಥಾನ.