ಯಂತ್ರ ಹೇಳುವ ದರ ಯಾವ ಊರಿನದು?



ಕೊಯ್ಲಿಗೆ ಮೊದಲು ಕಾಫಿ ಕಣಕ್ಕೆ ಕಾಂಕ್ರೀಟು ಹಾಕಿಸಬೇಕೆಂದು ಮೊನ್ನೆ ಲೆಕ್ಕಕ್ಕೆ ಕುಳಿತಿದ್ದೆ. ಮೂವತ್ತಕ್ಕೆ ನಲವತ್ತು ಅಡಿ, ನಾಲ್ಕಿಂಚು ದಪ್ಪ. ಮಗ ಫೋನಿನಲ್ಲಿ ಕೃತಕ ಬುದ್ಧಿಮತ್ತೆಯ ಹುಡುಕಾಟ ತೆರೆದು, "ಇದನ್ನೇ ಕೇಳೋಣ ಅಪ್ಪಾ" ಎಂದ. ಅರೆ ನಿಮಿಷದಲ್ಲಿ ಉತ್ತರ ಬಂತು: 400 ಘನ ಅಡಿ ಕಾಂಕ್ರೀಟು, 1:2:4ರ ಮಿಶ್ರಣವಾದರೆ 70ರಿಂದ 72 ಚೀಲ ಸಿಮೆಂಟು. ಕೈಲೆಕ್ಕ ಹಾಕಿ ನೋಡಿದೆ, ಸರಿಯಾಗಿಯೇ ಇತ್ತು. ಮೇಸ್ತ್ರಿ ಹೇಳಿದ್ದು 85 ಚೀಲ! ಅಷ್ಟರಮಟ್ಟಿಗೆ ಆ ಯಂತ್ರಕ್ಕೆ ನಾನು ಋಣಿ.

ದರಕ್ಕೆ ಬಂದಾಗ ಮಾತ್ರ ಕಥೆ ಬೇರೆಯಾಯಿತು. ಸಿಮೆಂಟಿಗೆ ಶೇ. 28 ತೆರಿಗೆ ಸೇರಿಸಿ ಹೇಳಿತು. ಆ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ; ಅಂದರೆ ತೆರಿಗೆ ಬಿಟ್ಟು 100 ರೂಪಾಯಿಯ ಮಾಲಿಗೆ 128 ಕೊಡುತ್ತಿದ್ದವರು ಈಗ 118 ಕೊಟ್ಟರೆ ಸಾಕು. ಎಂ-ಸ್ಯಾಂಡಿನ ದರವನ್ನು ಬೆಂಗಳೂರಿನದು, ಅದೂ ಟನ್ ಲೆಕ್ಕದಲ್ಲಿ, ಕೊಟ್ಟಿತು. ನಮ್ಮ ಲಾರಿಯವರು ಮಾರುವುದು ನೂರು ಘನ ಅಡಿಯ ಯೂನಿಟ್ ಲೆಕ್ಕದಲ್ಲಿ. ಒಂದು ಯೂನಿಟ್ ನಾಲ್ಕೂವರೆಯಿಂದ ಐದು ಟನ್ ತೂಗುತ್ತದೆ. ಒದ್ದೆಯಾಗಿದ್ದರೆ ತೂಕದಲ್ಲಿ ನೀರೂ ಸೇರಿರುತ್ತದೆ. ಘಾಟಿ ಹತ್ತಿ ತೋಟದ ಮಣ್ಣುರಸ್ತೆಗೆ ಬರುವ ಬಾಡಿಗೆ, ಇಳಿಸುವ ಕೂಲಿ ಯಾವುದೂ ಅದರಲ್ಲಿಲ್ಲ.

ಯಂತ್ರಕ್ಕೆ ಸ್ವಂತ ಅಂಗಡಿಯಿಲ್ಲ. ಎಲ್ಲೆಲ್ಲೋ ಬರೆದಿಟ್ಟ ದರಗಳನ್ನು ಓದಿ ಒಟ್ಟುಮಾಡಿ ಹೇಳುತ್ತದೆ. ಹೋದ ವರ್ಷದ್ದೂ ಇಂದಿನದೂ ಒಂದೇ ದನಿಯಲ್ಲಿ ಬರುತ್ತವೆ. ಕೆಲವು ಸದಸ್ಯರು ಇದನ್ನು ನಂಬಿ ಅಂಗಡಿಯವರೊಡನೆ ಜಗಳಕ್ಕೆ ನಿಲ್ಲುತ್ತಿದ್ದಾರೆ. ಶಿವಮೊಗ್ಗ ಮಂಡಿಯ ಬೆಟ್ಟೆ ದರ ಕೇಳಿಕೊಂಡು ಬಂದು, ಮನೆಯ ಗೊರಬಲಿಗೆ ಅದೇ ಹಣ ಬೇಕೆಂದರೆ ಯಾರು ಕೊಟ್ಟಾರು?

ಹಾಗೆಂದು ಇದನ್ನು ಮೂಲೆಗೆಸೆಯಿರೆಂದು ನಾನು ಹೇಳುವುದಿಲ್ಲ. ಯಾವ ತಾರೀಖಿನ ದರ, ಯಾವ ಊರಿನದು, ತೆರಿಗೆ ಸೇರಿದೆಯೇ ಎಂದು ಮರುಪ್ರಶ್ನೆ ಹಾಕಿ, ಎಲ್ಲಿಂದ ತಂದಿತೋ ಆ ಮೂಲವನ್ನೇ ತೆರೆಸಿ ನೋಡಿ. ಅಳತೆ, ತೂಕದ ವಿಷಯದಲ್ಲಂತೂ ಇದು ಉಪಯುಕ್ತ. 12 ಎಂ.ಎಂ. ಕಬ್ಬಿಣದ ಸರಳು ಮೀಟರಿಗೆ 888 ಗ್ರಾಂ; ಹನ್ನೆರಡು ಮೀಟರಿನ ಪೂರ್ತಿ ಸರಳು ಹತ್ತಿರ ಹತ್ತಿರ 10.66 ಕಿಲೋ ತೂಗಬೇಕು. ಸರಳಿನ ಲೆಕ್ಕದಲ್ಲಿ ಕೊಳ್ಳುವಾಗ ಒಂದನ್ನು ತಕ್ಕಡಿಗೆ ಹಾಕಿಸಿ. ತೀರ ಕಡಿಮೆ ಬಂದರೆ ಆ ಅಗ್ಗದ ದರದ ಗುಟ್ಟು ಅಲ್ಲೇ ತಿಳಿಯುತ್ತದೆ.

ನಮ್ಮ ತಾಲ್ಲೂಕಿನ ಇಂದಿನ ದರ ಯಂತ್ರಕ್ಕೆ ಸಿಗದಿರುವುದು ಅದನ್ನು ನಾವಾರೂ ಬರೆದಿಡದ ಕಾರಣದಿಂದಲೂ ಹೌದು. ಸಂಘದ ಕಛೇರಿಯಲ್ಲಿ ಒಂದು ಪುಸ್ತಕವಿಡಲು ಆಡಳಿತ ಮಂಡಳಿ ಮನಸ್ಸು ಮಾಡಬೇಕು. ಮನೆ, ಗೋದಾಮು, ಕಣ ಕಟ್ಟಿಸಿದವರು ತಾರೀಖು, ಊರು, ಮಾಲು, ತೆರಿಗೆ, ಬಾಡಿಗೆಗಳನ್ನು ಬಿಲ್ಲು ನೋಡಿ ಅದರಲ್ಲಿ ಬರೆಯಲಿ. ತಿಂಗಳಿಗೊಮ್ಮೆ ಈ ಪತ್ರಿಕೆಯಲ್ಲಿ, ಕಾಫಿ-ಅಡಿಕೆ ಧಾರಣೆಯ ಕೆಳಗೆ, ಅರ್ಧ ಕಾಲಂ ಜಾಗ ಕೊಟ್ಟರೆ ಸಾಕು. ನನ್ನ ಕಣದ ಬಿಲ್ಲುಗಳನ್ನು ಬರುವ ಸೋಮವಾರವೇ ತಂದು ಒಪ್ಪಿಸುತ್ತೇನೆ.