ಬೆಳಕನ್ನು ಬಿಡಿಸುವ ಗಣಿತ

ಕಡಲಾಚೆಯ ಮಗಳ ಮಾತು ಮನೆಗೆ ಬರುವುದು ಗಾಜಿನ ಎಳೆಯಲ್ಲಿ, ಬೆಳಕಿನ ಮಿಡಿತಗಳಾಗಿ. ಮಿಡಿತದೊಳಗಿನ ಭಿನ್ನ ತರಂಗಾಂತರಗಳು ಒಂದೇ ವೇಗದಲ್ಲಿ ಸಾಗವು. ಆದ್ದರಿಂದ ದೂರ ಕ್ರಮಿಸಿದ ಮಿಡಿತವು ಹರಡಿ ನೆರೆಯ ಮಿಡಿತದೊಡನೆ ಬೆರೆಯುತ್ತದೆ. ಹಿಂದೆ ವಿರುದ್ಧ ಗುಣದ ಎಳೆಯ ಸುರುಳಿಗಳನ್ನು ಜೋಡಿಸಿ ಇದನ್ನು ಸರಿಪಡಿಸುತ್ತಿದ್ದರು. ಗ್ರಾಹಕಯಂತ್ರವು ಬೆಳಕಿನ ಪ್ರಮಾಣವನ್ನಷ್ಟೇ ಅಳೆಯುತ್ತಿತ್ತು. ಅಲೆಯು ಏರಿಳಿತದ ಯಾವ ಹಂತದಲ್ಲಿತ್ತೆಂಬುದು ಅಲ್ಲಿಯೇ ನಷ್ಟವಾಗುತ್ತಿತ್ತು.

2008ರಲ್ಲಿ ಬಳಕೆಗೆ ಬಂದ, ಸೆಕೆಂಡಿಗೆ 40 ಗಿಗಾಬಿಟ್ ವೇಗದ ಗ್ರಾಹಕಗಳು ಆ ಹಂತವನ್ನೂ ಉಳಿಸಿಕೊಂಡವು. ಬಂದ ಬೆಳಕಿಗೆ ತಮ್ಮದೇ ಲೇಸರಿನ ಬೆಳಕನ್ನು ಬೆರೆಸಿ, ಅಳೆದು, ಅಂಕಿಗಳಾಗಿಸಿದರೆ ಹರಡಿದುದನ್ನು ಗಣಿತವೇ ಒಗ್ಗೂಡಿಸುತ್ತದೆ. ಸುರುಳಿಗಳ ಕೆಲಸ ಒಂದು ಚಿಪ್‌ಗೆ ಬಂದಿತು. ಪರಸ್ಪರ ಲಂಬವಾಗಿ ಕಂಪಿಸುವ ಎರಡು ಬೆಳಕುಗಳ ಸಂದೇಶಗಳು ದಾರಿಯಲ್ಲಿ ಕಲಸಿಹೋದರೂ ಅದು ಬಿಡಿಸಬಲ್ಲದು; ನನಗೆ ಇದೇ ಹೆಚ್ಚಿನ ಸೋಜಿಗ. ವರ್ಧಕಗಳು ಸೇರಿಸಿದ ಗದ್ದಲವನ್ನು ಮಾತ್ರ ಆ ಲೆಕ್ಕ ಕಳೆಯಲಾರದು.