ಲೇಬಲ್ಲಿನಲ್ಲಿ 34, ಟೇಪಿನಲ್ಲಿ 38

ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದಾಗ ನನ್ನ ಜೀನ್ಸ್ ಸೈಜು 32. ಎರಡನೇ ಕಂಪನಿ ಸೇರೋ ಹೊತ್ತಿಗೆ 34 ಆಯ್ತು. ಅಲ್ಲಿಂದ ಐದು ವರ್ಷ 34ರಲ್ಲೇ ನಿಂತುಬಿಟ್ಟಿತು. ದಿನವಿಡೀ ಕುರ್ಚಿಯಲ್ಲಿ ಕೂತು, ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ತರಿಸಿಕೊಂಡು ತಿಂದರೂ ಸೊಂಟ ಅಲ್ಲಾಡಿಲ್ಲವಲ್ಲ ಅಂತ ಒಳಗೊಳಗೇ ಹೆಮ್ಮೆ. ವಿಡಿಯೋ ಕಾಲ್‌ನಲ್ಲಿ ಅಮ್ಮ "ದಪ್ಪ ಆಗೀಯಲ್ಲೋ" ಅಂದಾಗಲೆಲ್ಲ "ಇಲ್ಲಮ್ಮ, ಪ್ಯಾಂಟಿನ ಸೈಜು ಅದೇ ಐತಿ" ಅಂತ ಸಾಕ್ಷಿ ಸಮೇತ ವಾದ ಮಾಡುತ್ತಿದ್ದೆ.

ಹೋದ ವರ್ಷ ತಂಗಿ ಮದುವೆಗೆ ಪ್ಯಾಂಟು ಹೊಲಿಸೋಕೆ ಹೊಸಪೇಟೆಯಲ್ಲಿ ನಮ್ಮ ಹಳೇ ಟೈಲರ್ ಹತ್ತಿರ ಹೋದೆ. ನಾನು ಸ್ಕೂಲ್ ಯೂನಿಫಾರ್ಮ್ ಹಾಕುತ್ತಿದ್ದ ಕಾಲದಿಂದ ನಮ್ಮ ಮನೆಯವರ ಅಳತೆ ಎಲ್ಲ ಅವರ ಪುಸ್ತಕದಲ್ಲಿದೆ. ಟೇಪು ಸುತ್ತಿದರು. "ಹೊಟ್ಟಿ ಒಳಗ ಎಳ್ಕೋಬ್ಯಾಡ ತಮ್ಮಾ, ಪ್ಯಾಂಟು ಹಾಕ್ಕೊಂಡು ಉಸಿರು ಬಿಡಬೇಕಲ್ಲ" ಅಂದರು. ಬಿಟ್ಟೆ. "ಮೂವತ್ತೆಂಟು" ಅಂತ ಬರೆದುಕೊಂಡರು.

"ಚಾಚಾ, ನಂದು ಮೂವತ್ನಾಲ್ಕು" ಅಂದೆ. ಅವರು ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಇನ್ನೊಂದು ಸಲ ಟೇಪು ಸುತ್ತಿ, ನನಗೇ ಓದೋಕೆ ಹೇಳಿದರು. ಮೂವತ್ತೆಂಟೇ.

ಬೆಂಗಳೂರಿಗೆ ವಾಪಸ್ ಬಂದವನು ಬೀರುವಿನಲ್ಲಿದ್ದ ಐದೂ ಜೀನ್ಸ್ ತೆಗೆದು ಹಾಸಿಗೆ ಮೇಲೆ ಹರಡಿದೆ. ಗುಂಡಿ ಹಾಕಿ, ಸೊಂಟದ ಪಟ್ಟಿ ನೇರ ಮಾಡಿ, ಈ ತುದಿಯಿಂದ ಆ ತುದಿಗೆ ಅಳೆದು ಎರಡರಿಂದ ಗುಣಿಸಿದೆ. ಎಲ್ಲದರ ಲೇಬಲ್ಲೂ 34. ಅತಿ ಹಳೇದು ಮೂವತ್ತನಾಲ್ಕೂವರೆ ಇಂಚು. ನಡುವಿನವು 36ರ ಆಸುಪಾಸು. ಕೊನೆಗೆ ಕೊಂಡಿದ್ದು, ನಾನು "ಎಷ್ಟು ಆರಾಮಾಗಿದೆ" ಅಂತ ಎಲ್ಲರಿಗೂ ಹೇಳುತ್ತಿದ್ದದ್ದು, ಸರಿಯಾಗಿ 38. ವೇರಿಯಬಲ್ ಹೆಸರು ಅದೇ, ಒಳಗಿನ ವ್ಯಾಲ್ಯೂ ಮಾತ್ರ ಬದಲಾಗುತ್ತಾ ಬಂದಿದೆ. ಪ್ರತಿ ಸಲ ಅಂಗಡಿಯಲ್ಲಿ 34 ಹಿಡಿಸದಿದ್ದರೆ ಬ್ರಾಂಡ್ ಬದಲಾಯಿಸಿದ್ದೆನೇ ಹೊರತು ಸೈಜು ಬದಲಾಯಿಸಿರಲಿಲ್ಲ.

ಇದಕ್ಕೆ ವ್ಯಾನಿಟಿ ಸೈಜಿಂಗ್ ಅಂತ ಹೆಸರೇ ಇದೆ. ಸಣ್ಣ ಸಂಖ್ಯೆ ಹಿಡಿಸಿದರೆ ಗಿರಾಕಿಗೆ ಖುಷಿ, ಅದಕ್ಕೇ ಬಟ್ಟೆ ದೊಡ್ಡದಾದರೂ ಲೇಬಲ್ ಹಾಗೇ ಇರುತ್ತೆ. ಆದರೆ ಪೂರಾ ತಪ್ಪು ಕಂಪನಿಗಳ ಮೇಲೆ ಹಾಕೋಕೂ ಆಗಲ್ಲ. ಟೈಲರ್ ಅಳೆದದ್ದು ಹೊಕ್ಕುಳ ಹತ್ತಿರ. ಜೀನ್ಸ್ ಕೂರೋದು ಅದಕ್ಕಿಂತ ಕೆಳಗೆ, ಹೊಟ್ಟೆಯ ಬುಡದಲ್ಲಿ. ಹಾಗಾಗಿ ಹೊಟ್ಟೆ ಬೆಲ್ಟಿನ ಮೇಲಿಂದ ಮುಂದಕ್ಕೆ ಬಂದರೂ ಪ್ಯಾಂಟಿಗೆ ಅದರ ಸುದ್ದಿಯೇ ಇರಲ್ಲ. ಮೇಲಾಗಿ ಈಗಿನ ಡೆನಿಮ್‌ನಲ್ಲಿ ಒಂದೆರಡು ಪರ್ಸೆಂಟ್ ಎಲಾಸ್ಟೇನ್ ಸೇರಿಸಿರುತ್ತಾರೆ, ಅದು ನಾವು ಹೇಳಿದ ಹಾಗೆ ಹಿಗ್ಗುತ್ತೆ.

ಇಷ್ಟಕ್ಕೇ ನಕ್ಕು ಮರೆತುಬಿಡುತ್ತಿದ್ದೆನೇನೋ. ಆದರೆ ಅಪ್ಪನಿಗೆ ಶುಗರ್ ಬಂದಿದ್ದು ನಲವತ್ತೊಂದಕ್ಕೆ. ಭಾರತೀಯ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಶುಗರ್, ಹೃದಯದ ಕಾಯಿಲೆಗಳ ಅಪಾಯ ಜಾಸ್ತಿ ಅಂತ ಡಾಕ್ಟರುಗಳು ಹೇಳುತ್ತಾರೆ. 90 ಸೆಂಟಿಮೀಟರ್ ಅಂದರೆ ಮೂವತ್ತೈದೂವರೆ ಇಂಚಿಗೂ ಸ್ವಲ್ಪ ಕಮ್ಮಿ. ನನ್ನದು 96 ದಾಟಿತ್ತು. ಮಾರನೇ ವಾರ ರಕ್ತ ಪರೀಕ್ಷೆ ಮಾಡಿಸಿದೆ. ಖಾಲಿ ಹೊಟ್ಟೆಯ ಶುಗರ್ 112. ಡಾಕ್ಟರು "ಇನ್ನೂ ಡಯಾಬಿಟಿಸ್ ಅಲ್ಲ, ಅದರ ಹೊಸ್ತಿಲಲ್ಲಿದ್ದೀರಿ" ಅಂದರು. ಮೂವತ್ತನೇ ವಯಸ್ಸಿಗೆ. ಅಪ್ಪನಿಗೆ ಫೋನ್ ಮಾಡಿ ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಆಮೇಲೆ "ಬೆಳಿಗ್ಗೆ ಎದ್ದು ನಡಿಯೋಕೆ ಹೋಗಪ್ಪ" ಅಂದರು, ಅಷ್ಟೇ.

ಈಗ ಜೀನ್ಸ್ ಕೊಳ್ಳೋ ರೀತಿಯೇ ಬೇರೆ. ಚೆನ್ನಾಗಿ ಕೂರುವ ಒಂದು ಹಳೇ ಜೀನ್ಸ್ ಹಾಸಿ, ನಾಲ್ಕು ಅಳತೆ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದೇನೆ: ಸೊಂಟ, ತೊಡೆ, ಒಳಗಾಲಿನ ಉದ್ದ, ಮತ್ತೆ ಯಾರೂ ಗಮನಿಸದ ರೈಸ್, ಅಂದರೆ ಕಾಲುಗಳು ಸೇರುವ ಜಾಗದಿಂದ ಮುಂದಿನ ಗುಂಡಿವರೆಗಿನ ಉದ್ದ. ಕೂತಾಗ ಪ್ಯಾಂಟು ಹಿಂದೆ ಜಾರುತ್ತೆ ಅಂತ ಬೆಲ್ಟ್ ಬಿಗಿ ಮಾಡುತ್ತೀವಲ್ಲ, ಎಷ್ಟೋ ಸಲ ತೊಂದರೆ ಸೊಂಟದ್ದಲ್ಲ, ರೈಸ್ ಕಮ್ಮಿ ಇರುತ್ತೆ. ಆನ್‌ಲೈನ್‌ನಲ್ಲಿ ಸೈಜ್ ಚಾರ್ಟ್ ನೋಡುವಾಗ ಅದು ಬಟ್ಟೆಯ ಅಳತೆಯೋ ಮೈ ಅಳತೆಯೋ ಅಂತ ಓದಿ ನೋಡಿ. ಎರಡೂ ಬೇರೆ ಬೇರೆ, ನಾನು ಇದರಲ್ಲೇ ಎರಡು ಸಲ ಮೋಸ ಹೋಗಿದ್ದೇನೆ.

ಟ್ರಯಲ್ ರೂಮಿನಲ್ಲಿ ಕನ್ನಡಿ ಮುಂದೆ ನಿಂತರೆ ಸಾಲದು, ನಾವೇನು ದಿನವಿಡೀ ನಿಂತೇ ಇರುತ್ತೀವಾ? ಕುಕ್ಕರುಗಾಲಲ್ಲಿ ಕೂತು ಏಳಿ, ಆಚೆ ಸ್ಟೂಲ್ ಇದ್ದರೆ ಎರಡು ನಿಮಿಷ ಕೂತುಕೊಳ್ಳಿ. ಮುಂದೆ ತೊಡೆಸಂದಿಯಲ್ಲಿ ಅಡ್ಡ ಗೆರೆಗಳು ಎಳೆದರೆ ಬಿಗಿ ಅಂತ ಅರ್ಥ, ಜೇಬಿನ ಬಾಯಿ ಕಿವಿ ಹಾಗೆ ಅಗಲಿದರೂ ಅಷ್ಟೇ. ಸೈಡ್ ಜೇಬಿಗೆ ಫೋನ್ ಹಾಕಿ ನೋಡಿ. (ತಂಗಿ ಜೀನ್ಸ್‌ಗಳ ಜೇಬಿಗೆ ಅರ್ಧ ಫೋನೂ ಹೋಗಲ್ಲ. ಹೆಂಗಸರಿಗೆ ಜೇಬು ಕೊಡೋಕೆ ಇವರಿಗೇನು ಗಂಟು ಹೋಗುತ್ತೋ ನಾ ಕಾಣೆ.) ಅವಳ ಕಷ್ಟ ಇನ್ನೊಂದಿದೆ: ಹಿಪ್ ಹಿಡಿಸಿದರೆ ಸೊಂಟದ ಹಿಂದೆ ಅಂಗೈ ತೂರುವಷ್ಟು ಸಂದು. ಅವಳಿಗೆ ಟೈಲರ್ ಹೇಳಿಕೊಟ್ಟಿದ್ದು, ತೊಡೆ ಮತ್ತು ಹಿಪ್‌ಗೆ ಸರಿಯಾದದ್ದು ತಗೊಂಡು ಸೊಂಟ ಹಿಡಿಸಿಕೊಳ್ಳಬೇಕಂತೆ. ಸೊಂಟ ಹಿಡಿಸೋದು ಸುಲಭ, ತೊಡೆ ಬಿಡಿಸೋಕೆ ಒಳಗೆ ಬಟ್ಟೆಯೇ ಇರಲ್ಲ.

ಒಂದೇ ಬ್ರಾಂಡ್, ಒಂದೇ ಸೈಜು ಇದ್ದರೂ ಎರಡು ಪೀಸ್ ಹಾಕಿ ನೋಡಿ. ಬಳ್ಳಾರಿಯ ಜೀನ್ಸ್ ಯೂನಿಟ್‌ನಲ್ಲಿ ಕೆಲಸ ಮಾಡುವ ನಮ್ಮ ನೆಂಟರೊಬ್ಬರು ಹೇಳುವ ಪ್ರಕಾರ, ಬಟ್ಟೆ ಒಂದರ ಮೇಲೊಂದು ಹಾಸಿ ಕತ್ತರಿಸುವಾಗ ಒಂದಿಷ್ಟು, ಹೊಲಿದ ಮೇಲೆ ವಾಶಿಂಗ್‌ನಲ್ಲಿ ಒಂದಿಷ್ಟು ಹೆಚ್ಚುಕಮ್ಮಿ ಆಗೇ ಆಗುತ್ತೆ. ಇನ್ನು ನಮ್ಮವರ ಮೈಗೆ ತಕ್ಕ ಸೈಜ್ ಚಾರ್ಟ್ ಬೇಕು ಅಂತ ನಿಫ್ಟ್ ಸಂಸ್ಥೆ ಇಂಡಿಯಾಸೈಜ್ ಅನ್ನೋ ಸಮೀಕ್ಷೆ ಕೈಗೆತ್ತಿಕೊಂಡಿತು. ಬೆಂಗಳೂರೂ ಸೇರಿ ಆರು ನಗರಗಳಲ್ಲಿ 25 ಸಾವಿರ ಜನರ ಮೈಯನ್ನು ತ್ರೀಡಿ ಸ್ಕ್ಯಾನರ್‌ನಲ್ಲಿ ಅಳೆಯೋ ಯೋಜನೆ. ಅಮೆರಿಕ, ಯುರೋಪಿನವರ ಅಳತೆಯ ಪ್ಯಾಂಟಿನ ಕಾಲು ಕತ್ತರಿಸಿ ಕತ್ತರಿಸಿ ಸಾಕಾಗಿರೋ ನನ್ನಂಥ ಐದಡಿ ಆರಿಂಚಿನವನು ಅದಕ್ಕೇ ಕಾಯುತ್ತಿದ್ದೇನೆ. ಅಲ್ಲಿವರೆಗೆ ಕತ್ತರಿಸುವ ಮುಂಚೆ ಒಮ್ಮೆ ಒಗೆಯಿರಿ, ಹಾಕುವ ಶೂ ಹಾಕಿಕೊಂಡೇ ಉದ್ದ ಗುರುತು ಮಾಡಿಸಿ.

ದೀಪಾವಳಿಗೆ ಊರಿಗೆ ಹೋದಾಗ ಟೈಲರ್ ಅಂಗಡಿಗೂ ಹೋದೆ. ಟೇಪು ಸುತ್ತಿ ಅಂದೆ. ಈ ಸಲ ಹೊಟ್ಟೆ ಎಳೆದುಕೊಳ್ಳಲಿಲ್ಲ. ಮೂವತ್ತಾರೂವರೆ. ಪುಸ್ತಕದಲ್ಲಿ ಹಳೇ 38 ಹೊಡೆದುಹಾಕಿ ಪಕ್ಕದಲ್ಲಿ ಹೊಸದು ಬರೆದರು. ಮದುವೆಗೆ ಹೊಲಿದ ಪ್ಯಾಂಟು ಸಡಿಲ ಆಗೈತಿ, ಹಿಡೀಬೇಕು ಅಂದೆ. "ಮುಂದಿನ ದೀಪಾವಳಿಗೆ ಹಿಡಿಯೋಣು ತಗೋ, ನಿನ್ನ ನಂಬಕಾಗಲ್ಲ" ಅಂತ ಪ್ಯಾಂಟು ಮಡಿಸಿ ವಾಪಸ್ ಕೊಟ್ಟರು.